ಕ್ಲೇಟೋನಿಯ: ಚಳಿಗಾಲದ ಕಾಡುಸೊಪ್ಪು ಮತ್ತು ಅದರ ಹಿತ್ತಲ ಬೇಸಾಯ

ಕ್ಲೇಟೋನಿಯ ಪರ್ಫೋಲಿಯೇಟ ಉತ್ತರ ಅಮೆರಿಕದ ಪಶ್ಚಿಮ ಅಂಚಿನ ಏಕವಾರ್ಷಿಕ ಕಾಡುಸೊಪ್ಪು. ಕೆನಡದ ಬ್ರಿಟಿಷ್ ಕೊಲಂಬಿಯದಿಂದ ಹಿಡಿದು ಕ್ಯಾಲಿಫೋರ್ನಿಯ, ಮೆಕ್ಸಿಕೊ ದಾಟಿ ಗ್ವಾಟೆಮಾಲದವರೆಗೆ ಇದರ ಹರವು. ಕ್ಯಾಲಿಫೋರ್ನಿಯದವರು ಇದನ್ನು ಮೈನರ್ಸ್ ಲೆಟಿಸ್ ಎನ್ನುತ್ತಾರೆ, ಇಂಗ್ಲೆಂಡಿನವರು ವಿಂಟರ್ ಪರ್ಸ್ಲೇನ್ ಎನ್ನುತ್ತಾರೆ. ನೆದರ್ಲೆಂಡ್ಸ್‌ನಲ್ಲಿ ಇದು ಚಳಿಗಾಲದ ತರಕಾರಿಯಾಗಿ ಮಾರಾಟಕ್ಕೂ ಬರುತ್ತದೆ. ನಮ್ಮ ಗೋಣಿಸೊಪ್ಪು ಇರುವ ಪೋರ್ಚುಲಕೇಸೀ ಕುಟುಂಬದಲ್ಲೇ ಇದನ್ನೂ ಬಹುಕಾಲ ಇರಿಸಿದ್ದರು. 2009ರಲ್ಲಿ ಎಪಿಜಿ ಎಂಬ ಹೂಗಿಡಗಳ ವರ್ಗೀಕರಣ ಇದನ್ನು ಮಾಂಟಿಯೇಸೀ ಎಂಬ ಬೇರೆ ಕುಟುಂಬಕ್ಕೆ ಸೇರಿಸಿತು. ನೆಂಟಸ್ತನ ಹತ್ತಿರದ್ದಾದರೂ ಸ್ವಭಾವ ಪೂರಾ ಬೇರೆ: ಗೋಣಿಸೊಪ್ಪು ಸುಡುವ ಬಿಸಿಲಿನಲ್ಲಿ ಹಬ್ಬಿದರೆ ಕ್ಲೇಟೋನಿಯ ಬಿಸಿಲು ಏರಿದೊಡನೆ ಬೀಜ ಚೆಲ್ಲಿ ಒಣಗುತ್ತದೆ. ಮನೆಯ ತೋಟದಲ್ಲಿ ಇದನ್ನು ಬೆಳೆಯುವ ಬಗ್ಗೆ ಇರುವ ಬರಹಗಳು ಹೆಚ್ಚಾಗಿ ಇದರ ಪೋಷಕಾಂಶಗಳನ್ನು ಹೊಗಳುವುದರಲ್ಲೇ ಮುಗಿಯುತ್ತವೆ. ಸಾಕ್ಷ್ಯಗಳನ್ನು ಸರಿಯಾಗಿ ಜೋಡಿಸಿ ನೋಡಿದರೆ ಈ ಸೊಪ್ಪಿನ ಹೆಚ್ಚುಗಾರಿಕೆ ಅದು ಬರುವ ಹೊತ್ತಿನಲ್ಲಿದೆ. ಬೇರಾವ ಹಸಿರೂ ಸಿಗದ ತಿಂಗಳುಗಳಲ್ಲಿ ಅದು ಸಿಗುತ್ತದೆ. ಅದನ್ನು ಬೆಳೆಯುವ ವಿದ್ಯೆಯೂ ಆ ಹೊತ್ತನ್ನು ಕೆಡಿಸದೆ ಕಾಯುವುದಕ್ಕಿಂತ ಹೆಚ್ಚಿನದೇನಲ್ಲ.

ಗಿಡವನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಮೊಳಕೆಯ ಬೀಜದಳಗಳು ನೀಳ, ಸಪೂರ. ಆಮೇಲೆ ಬುಡದಿಂದ ಉದ್ದ ತೊಟ್ಟಿನ, ಚಮಚದ ಆಕಾರದ ಎಲೆಗಳು ಸುತ್ತುಗಟ್ಟಿ ಏಳುತ್ತವೆ. ಈ ಹಂತದಲ್ಲಿ ಅದು ಯಾವುದೋ ಸಾಧಾರಣ ಕಳೆಯಂತೆ ಕಾಣುತ್ತದೆ. ಹೂವಿಗೆ ಬರುವ ಹೊತ್ತಿಗೆ ಮಾತ್ರ ರೂಪ ಬದಲಾಗುತ್ತದೆ: ಹೂದೇಟಿನ ಮೇಲೆ ಎದುರುಬದುರು ಹುಟ್ಟುವ ಎರಡು ಎಲೆಗಳು ಅಂಚಿಗೆ ಅಂಚು ಕೂಡಿಕೊಂಡು ಒಂದೇ ದುಂಡು ತಟ್ಟೆಯಾಗುತ್ತವೆ. ದೇಟು ಆ ತಟ್ಟೆಯ ನಟ್ಟನಡುವೆ ತೂರಿಕೊಂಡು ಮೇಲೆ ಹೋಗಿ, ತುದಿಯಲ್ಲಿ ಐದೆಸಳಿನ ಬಿಳಿ ಅಥವಾ ನಸುಗೆಂಪು ಪುಟ್ಟ ಹೂಗಳನ್ನು ಬಿಡುತ್ತದೆ. ಮಳೆ ಬಂದು ನಿಂತಾಗ ತಟ್ಟೆಯ ನಡುವಿನ ತಗ್ಗಿನಲ್ಲಿ ಒಂದು ಹನಿ ನೀರು ಉಳಿದಿರುತ್ತದೆ. ಎಲೆ ದಪ್ಪ, ರಸಭರಿತ, ನುಣುಪು. ತಿಂದರೆ ಕಹಿಯಿಲ್ಲ, ಒಗರಿಲ್ಲ, ಪಾಲಕ್‌ಗಿಂತ ಸೌಮ್ಯ. ಒಳ್ಳೆಯ ನೆಲದಲ್ಲಿ ಒಂದಡಿ ಮೀರಿ ಬೆಳೆಯುತ್ತದೆ, ಬಡ ನೆಲದಲ್ಲಿ ನಾಲ್ಕು ಬೆರಳಿನೆತ್ತರಕ್ಕೇ ಹೂಬಿಟ್ಟು ಸುಮ್ಮನಾಗುತ್ತದೆ. ಎಲೆಯ ಅಗಲ, ಬಣ್ಣ, ಗಿಡದ ಗಾತ್ರ ಇವೆಲ್ಲ ಊರಿಂದೂರಿಗೆ ಬದಲಾಗುವುದರಿಂದ ಇದರ ಒಳಭೇದಗಳನ್ನು ಬಿಡಿಸುವುದು ಸಸ್ಯವಿಜ್ಞಾನಿಗಳಿಗೂ ತಲೆನೋವು. ವರ್ಣತಂತುಗಳ ಸಂಖ್ಯೆ ಇಮ್ಮಡಿ ಮುಮ್ಮಡಿಯಾಗಿರುವ ಗುಂಪುಗಳು ಇದರಲ್ಲಿವೆ. ಜಾನ್ ಮಿಲ್ಲರ್ ಮತ್ತು ಕೆಂಟನ್ ಚೇಂಬರ್ಸ್ 2006ರಲ್ಲಿ ಪ್ರಕಟಿಸಿದ ಪ್ರೌಢಪ್ರಬಂಧ ಈ ಗೋಜಲನ್ನು ಒಂದು ಕ್ರಮಕ್ಕೆ ತಂದಿತು. ತೋಟ ಮಾಡುವವರಿಗೆ ಇದರಿಂದ ಆಗುವ ತೊಂದರೆ ಏನೂ ಇಲ್ಲ, ಎಲ್ಲವೂ ತಿನ್ನಬಹುದಾದವೇ.

ಜಾತಿಯ ಹೆಸರು ಹದಿನೆಂಟನೆಯ ಶತಮಾನದಲ್ಲಿ ವರ್ಜೀನಿಯದ ಗಿಡಮೂಲಿಕೆಗಳನ್ನು ಕಲೆಹಾಕಿದ ಜಾನ್ ಕ್ಲೇಟನ್‌ನ ನೆನಪಿಗೆ ಇಟ್ಟದ್ದು. ಆದರೆ ಈ ಪ್ರಭೇದ ಅವನು ಕಂಡದ್ದಲ್ಲ. ಕ್ಯಾಪ್ಟನ್ ವ್ಯಾಂಕೂವರ್‌ನ ಹಡಗಿನಲ್ಲಿ ವೈದ್ಯನೂ ಸಸ್ಯಸಂಗ್ರಾಹಕನೂ ಆಗಿದ್ದ ಆರ್ಚಿಬಾಲ್ಡ್ ಮೆನ್ಜೀಸ್ 1790ರ ದಶಕದಲ್ಲಿ ಪೆಸಿಫಿಕ್ ಕರಾವಳಿಯಿಂದ ಇದರ ಬೀಜವನ್ನು ಇಂಗ್ಲೆಂಡಿನ ಕ್ಯೂ ತೋಟಕ್ಕೆ ತಲುಪಿಸಿದ. ಕೇಂಬ್ರಿಜ್ ಸಸ್ಯೋದ್ಯಾನದ ಜೇಮ್ಸ್ ಡಾನ್ ಹೆಸರಿಟ್ಟ. ಜರ್ಮನಿಯ ವಿಲ್ಡೆನೋ 1798ರಲ್ಲಿ ವಿವರಣೆ ಪ್ರಕಟಿಸಿದ. ಅಲ್ಲಿಂದ ತೋಟದ ಬೇಲಿ ದಾಟಿ ಪಶ್ಚಿಮ ಯುರೋಪಿನ ಮರಳು ನೆಲಗಳಲ್ಲಿ ಅದು ತಾನೇ ತಾನಾಗಿ ನೆಲೆಯೂರಿತು. ಇಷ್ಟಾದರೂ ಇದರ ಹೆಸರು ಜನಜನಿತವಾದದ್ದು ಇನ್ನೊಂದು ಕಾರಣಕ್ಕೆ. 1848ರ ಜನವರಿ 24ರಂದು ಕ್ಯಾಲಿಫೋರ್ನಿಯದ ಕೊಲೋಮದಲ್ಲಿ ಜಾನ್ ಸಟರ್‌ನ ಮರ ಕೊಯ್ಯುವ ಗಿರಣಿಯ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್‌ಗೆ ಚಿನ್ನದ ಚೂರು ಸಿಕ್ಕಿತು. ಮುಂದಿನ ವರ್ಷದಿಂದ ಲೋಕದ ಮೂಲೆಮೂಲೆಯ ಜನ ಸಿಯೆರಾ ನೆವಾಡದ ತಪ್ಪಲಿಗೆ ನುಗ್ಗಿದರು. ಉಪ್ಪು ಹಾಕಿದ ಹಂದಿಮಾಂಸ, ಮೈದಾ, ಒಣಗಿದ ಬೀನ್ಸ್ ಕಾಳು, ಕಾಫಿ, ಇಷ್ಟೇ ಅವರ ಆಹಾರ. ವಸಡು ಊದಿ ರಕ್ತ ಬರುವ, ಹಳೆಯ ಗಾಯ ಬಿರಿಯುವ ಸ್ಕರ್ವಿ ರೋಗ ಆ ಶಿಬಿರಗಳಲ್ಲಿ ಮನೆಮಾಡಿತು. ಚಳಿಗಾಲದ ಮಳೆಯ ಕೊನೆಗೆ ಓಕ್ ಮರಗಳ ನೆರಳಿನಲ್ಲಿ ಹಾಸಿಕೊಂಡಿದ್ದ ಈ ಸೊಪ್ಪನ್ನು ತಿಂದು ಗಣಿಗಾರರು ಚೇತರಿಸಿಕೊಂಡರು ಎಂಬುದು ಮೈನರ್ಸ್ ಲೆಟಿಸ್, ಅಂದರೆ ಗಣಿಗಾರರ ಸೊಪ್ಪು, ಎಂಬ ಹೆಸರಿನ ಹಿಂದಿರುವ ಕತೆ.

ಕತೆ ಪೂರ್ತಿ ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಗಣಿಗಾರರು ಬರುವುದಕ್ಕೆ ಎಷ್ಟೋ ಮೊದಲಿನಿಂದ ಮಿವೋಕ್, ಲುಯಿಸೆನ್ಯೊ, ಕಾವಿಯಾ ಮುಂತಾದ ಮೂಲನಿವಾಸಿ ಜನರಿಗೆ ಇದು ದಿನಬಳಕೆಯ ಸೊಪ್ಪಾಗಿತ್ತು. ಹಸಿಯಾಗಿಯೂ ಬೇಯಿಸಿಯೂ ತಿನ್ನುತ್ತಿದ್ದರು. ಕೆಂಪಿರುವೆಗಳ ಗೂಡಿನ ಬಳಿ ಎಲೆಗಳನ್ನು ಹರವಿ, ಇರುವೆಗಳು ಅವುಗಳ ಮೇಲೆ ಹರಿದಾಡಿದ ಮೇಲೆ ಕೊಡವಿ ತಿನ್ನುವ ಪದ್ಧತಿಯೂ ದಾಖಲಾಗಿದೆ. ಇರುವೆ ಬಿಡುವ ಫಾರ್ಮಿಕ್ ಆಮ್ಲದಿಂದ ಎಲೆಗೆ ಹುಳಿ ಬರುತ್ತದೆ. ಮಲೆನಾಡಿನ ಚಿಗಳಿ ಇರುವೆಯ ಚಟ್ನಿಯ ರುಚಿ ಬಲ್ಲವರಿಗೆ ಇದು ವಿಚಿತ್ರವಾಗಿ ಕಾಣಬೇಕಾಗಿಲ್ಲ. ಸೊಪ್ಪಿಗೆ ಹೆಸರು ಸಿಕ್ಕಿದ್ದು ಒಂದೆರಡು ದಶಕ ಅದನ್ನು ತಿಂದವರದು. ತಲೆಮಾರುಗಳಿಂದ ತಿಂದವರ ಗತಿ ಬೇರೆಯಾಯಿತು: 1840ರ ದಶಕದ ನಡುವೆ ಸುಮಾರು ಒಂದೂವರೆ ಲಕ್ಷವಿತ್ತೆಂದು ಇತಿಹಾಸಕಾರರು ಅಂದಾಜು ಮಾಡುವ ಕ್ಯಾಲಿಫೋರ್ನಿಯದ ಮೂಲನಿವಾಸಿಗಳ ಸಂಖ್ಯೆ ಚಿನ್ನದ ಹುಚ್ಚು, ರೋಗ, ಕೊಲೆಗಳ ನಡುವೆ 1870ರ ದಶಕದ ಹೊತ್ತಿಗೆ ಸುಮಾರು 30,000ಕ್ಕೆ ಇಳಿಯಿತು. ಹೀಗಾಗಿ ಗಣಿಗಾರರು ಈ ಸೊಪ್ಪನ್ನು ಕಂಡುಹಿಡಿದರು ಎನ್ನುವ ಬರಹಗಳನ್ನು ಎಚ್ಚರದಿಂದ ಓದಬೇಕು.

ಈಗ ಪೋಷಕಾಂಶದ ಮಾತು. ನೂರು ಗ್ರಾಂ ಹಸಿ ಎಲೆಯಲ್ಲಿ ದಿನಕ್ಕೆ ಬೇಕಾದ ಸಿ ಜೀವಸತ್ವದ ಸುಮಾರು ಮೂರನೇ ಒಂದು ಪಾಲು ಇದೆ ಎಂಬ ಅಂಕಿ ಎಲ್ಲೆಡೆ ಉಲ್ಲೇಖವಾಗುತ್ತದೆ. ಇದನ್ನೇ ಮುಂದಿಟ್ಟು ಕ್ಲೇಟೋನಿಯವನ್ನು ದಿವ್ಯೌಷಧ ಎಂದು ಮಾರುವವರಿದ್ದಾರೆ. ಲೆಕ್ಕ ಹಾಕಿದರೆ ಅದು ಸುಮಾರು 20ರಿಂದ 30 ಮಿಲಿಗ್ರಾಂ ಆಗುತ್ತದೆ. ಮಾಮೂಲಿ ಪಾಲಕ್‌ನಲ್ಲೂ ಹೆಚ್ಚುಕಡಿಮೆ ಇಷ್ಟೇ ಇದೆ, ನುಗ್ಗೆ ಸೊಪ್ಪಿನಲ್ಲಿ ಇದರ ಹಲವು ಪಟ್ಟು ಇದೆ, ನೆಲ್ಲಿಕಾಯಿಯ ಮುಂದೆ ಹೇಳಲೇಬೇಕಾಗಿಲ್ಲ. ಹಾಗಾದರೆ ಗಣಿಗಾರರು ಚೇತರಿಸಿಕೊಂಡದ್ದು ಹೇಗೆ? ಉತ್ತರ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1944ರಿಂದ 1946ರವರೆಗೆ ನಡೆದ ಪ್ರಯೋಗದಲ್ಲಿದೆ. ಹಾನ್ಸ್ ಕ್ರೆಬ್ಸ್ ನೇತೃತ್ವದಲ್ಲಿ, ಯುದ್ಧಕ್ಕೆ ಹೋಗಲೊಪ್ಪದ ಸ್ವಯಂಸೇವಕರ ಆಹಾರದಿಂದ ಸಿ ಜೀವಸತ್ವವನ್ನು ತೆಗೆದು ಸ್ಕರ್ವಿ ಬರುವವರೆಗೆ ಕಾದು ನೋಡಲಾಯಿತು. ಆಮೇಲೆ ದಿನಕ್ಕೆ ಬರೀ 10 ಮಿಲಿಗ್ರಾಂ ಕೊಟ್ಟಾಗ ರೋಗ ವಾಸಿಯಾಯಿತು. ಅಂದರೆ ಒಂದು ಹಿಡಿ ಸೊಪ್ಪು ಸಾಕು. ಯಾವ ಹಸಿರು ಸೊಪ್ಪಾದರೂ ನಡೆಯುತ್ತಿತ್ತು. ಕ್ಲೇಟೋನಿಯಕ್ಕೆ ಆ ಕೀರ್ತಿ ಬಂದದ್ದು ಚಳಿಗಾಲದ ಕೊನೆಯಲ್ಲಿ, ತೋಟವಿಲ್ಲದ, ಅಂಗಡಿಯಿಲ್ಲದ ಕಣಿವೆಗಳಲ್ಲಿ, ಕೈಗೆಟಕುವಂತೆ ಇದ್ದ ಹಸಿರು ಅದಾಗಿದ್ದುದರಿಂದ. ಎಲೆಯೊಳಗಿನ ಅಂಶ ಎಷ್ಟು ಎಂಬ ಪ್ರಶ್ನೆಗಿಂತ ಎಲೆ ಯಾವಾಗ ಬರುತ್ತದೆ ಎಂಬ ಪ್ರಶ್ನೆ ಇಲ್ಲಿ ದೊಡ್ಡದು, ಮತ್ತು ಆ ಪ್ರಶ್ನೆ ಬೇಸಾಯಕ್ಕೂ ಅನ್ವಯಿಸುತ್ತದೆ.

ಈ ಗಿಡದ ಹೊತ್ತು ಬೀಜದಲ್ಲೇ ಬರೆದಿದೆ. ಕ್ಯಾಲಿಫೋರ್ನಿಯದ ಕರಾವಳಿಯ ಹವಾಮಾನ ನಮ್ಮ ಮುಂಗಾರಿನ ನಾಡಿಗೆ ತಲೆಕೆಳಗು. ಅಲ್ಲಿ ವರ್ಷದ ಮಳೆಯ ಬಹುಪಾಲು ನವೆಂಬರ್‌ನಿಂದ ಮಾರ್ಚ್‌ವರೆಗೆ ಸುರಿಯುತ್ತದೆ. ಜೂನ್, ಜುಲೈ, ಆಗಸ್ಟ್‌ನಲ್ಲಿ ನೆಲ ಒಣಗಿ ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ. ಇಂಥ ಕಡೆ ಬೇಸಿಗೆಯ ನಡುವೆ ಎಂದೋ ಒಂದು ಹನಿ ಮಳೆಗೆ ಮೋಸಹೋಗಿ ಮೊಳೆಯುವ ಬೀಜಕ್ಕೆ ಉಳಿಗಾಲವಿಲ್ಲ. ಕ್ಲೇಟೋನಿಯದ ಬೀಜ ತೇವ ಒಂದನ್ನೇ ನಂಬುವುದಿಲ್ಲ. ಮಣ್ಣು ತಣ್ಣಗಾಗಿರಬೇಕು, ಹತ್ತರಿಂದ ಹದಿಮೂರು ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಅದು ಚೆನ್ನಾಗಿ ಮೊಳೆಯುತ್ತದೆ. ಅದಕ್ಕಿಂತ ಬಿಸಿಯಾದಂತೆ ಹಿಂಜರಿಯುತ್ತದೆ, ನೀರೆಷ್ಟು ಹುಯ್ದರೂ ಮಲಗಿಯೇ ಇರುತ್ತದೆ. ಬೀಜ ಬಿತ್ತಿ ಏನೂ ಹುಟ್ಟಲಿಲ್ಲ ಎನ್ನುವವರ ದೂರಿನಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ: ಟೊಮೆಟೊ, ಬೆಂಡೆಯ ಬೀಜದ ಜೊತೆ ಇದನ್ನೂ ಬೆಚ್ಚಗಿನ ಮಣ್ಣಿಗೆ ಹಾಕಿರುತ್ತಾರೆ. ಆ ಬೀಜ ಸತ್ತಿರುವುದಿಲ್ಲ. ಪಾತಿಯನ್ನು ಕೆದಕದೆ ಬಿಟ್ಟರೆ ಮೊದಲ ಚಳಿಮಳೆಗೆ ಅದು ತಲೆ ಎತ್ತುವುದುಂಟು.

ಆದ್ದರಿಂದ ಬಿತ್ತನೆಯ ದಿನವನ್ನು ಪಂಚಾಂಗಕ್ಕಿಂತ ಮಣ್ಣಿನ ತಾಪವೇ ಹೇಳಬೇಕು. ಸ್ಯಾನ್‌ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಮುತ್ತ, ಅಂದರೆ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಸ್ಯಾನ್‌ಹೋಸೆ, ಸನಿವೇಲ್, ಫ್ರೀಮಾಂಟ್ ಕಡೆ, ಅಕ್ಟೋಬರ್ ಕೊನೆಯಿಂದ ನವೆಂಬರ್ ತುಂಬ ಒಳ್ಳೆಯ ಕಾಲ. ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆ ಸೆಪ್ಟೆಂಬರಿನ ನಡುವಿನಿಂದಲೇ ಬಿತ್ತಬಹುದು. ಹಿಮ ಬೀಳುವ ಬಾಸ್ಟನ್, ಟೊರಾಂಟೊ ಅಂಥ ಊರುಗಳಲ್ಲಿ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರಿನಲ್ಲಿ ಬಿತ್ತಿ ಮೇಲೆ ಪಾರದರ್ಶಕ ಹೊದಿಕೆ ಹಾಕಬೇಕು. ಇಲ್ಲವೆ ಹಿಮ ಕರಗಿ ನೆಲ ಕೈಗೆ ಬಂದ ಕೂಡಲೇ ಮಾರ್ಚ್‌ನಲ್ಲಿ ಬಿತ್ತಿ ಬೇಸಿಗೆಗೆ ಮೊದಲು ಮುಗಿಸಬೇಕು. ಬೀಜ ಸಣ್ಣದು, ಕಪ್ಪು, ಹೊಳಪು. ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹೋಗದಂತೆ ಮಣ್ಣು ಉದುರಿಸಿ ಅಂಗೈಯಲ್ಲಿ ಮೆಲ್ಲಗೆ ಒತ್ತಿದರೆ ಸಾಕು. ಸಾಲಿನಿಂದ ಸಾಲಿಗೆ ಒಂದು ಗೇಣು ಬಿಟ್ಟು, ಸಸಿಗಳು ಎರಡು ಎಲೆ ಬಿಟ್ಟ ಮೇಲೆ ನಾಲ್ಕು ಬೆರಳು ಅಂತರಕ್ಕೆ ತೆಳುವು ಮಾಡುವುದು ರೂಢಿ. ಕಿತ್ತ ಸಸಿಗಳೂ ಅಡುಗೆಮನೆಗೇ ಸೇರುತ್ತವೆ. ಮೊಳೆಯುವವರೆಗೆ ಮೇಲ್ಮಣ್ಣು ಒಣಗಬಾರದು, ಅದೊಂದೇ ಕಟ್ಟುನಿಟ್ಟು. ಬಿತ್ತಿದ ಆರೇಳು ವಾರಕ್ಕೆ ಮೊದಲ ಕೊಯ್ಲು.

ಜಾಗದ ವಿಚಾರದಲ್ಲಿ ಈ ಸೊಪ್ಪು ಹಿತ್ತಲಿನ ಬೇರೆ ಬೆಳೆಗಳು ಒಲ್ಲದ ಮೂಲೆಯನ್ನು ಕೇಳುತ್ತದೆ. ಕಾಡಿನಲ್ಲಿ ಅದು ಓಕ್ ಮರದಡಿ, ಬೆಟ್ಟದ ಉತ್ತರ ಮಗ್ಗುಲಿನಲ್ಲಿ, ತೇವ ನಿಲ್ಲುವ ಕಲಕಿದ ಮಣ್ಣಿನಲ್ಲಿ ಹುಲುಸಾಗಿರುತ್ತದೆ. ಹೀಗಾಗಿ ಮನೆಯ ಉತ್ತರ ಗೋಡೆಯ ನೆರಳು, ಎಲೆ ಉದುರಿಸಿದ ಹಣ್ಣಿನ ಮರದ ಬುಡ, ಬೇಸಿಗೆಯ ಹೀರೆ ಬಳ್ಳಿ ಕಿತ್ತು ಖಾಲಿಬಿದ್ದ ಪಾತಿ ಇವೆಲ್ಲ ಅದಕ್ಕೆ ಒಗ್ಗುತ್ತವೆ. ಬೇರು ಆಳಕ್ಕೆ ಹೋಗುವುದಿಲ್ಲವಾದ್ದರಿಂದ ಒಂದು ಗೇಣಿಗಿಂತ ಕಡಿಮೆ ಆಳದ ಅಗಲ ಕುಂಡವೂ ಸಾಕು, ನೀರು ಬಸಿದುಹೋಗಬೇಕಷ್ಟೆ. ಗೊಬ್ಬರ ಸುರಿಯಬೇಕಾಗಿಲ್ಲ. ಸುರಿಯಬಾರದು ಎಂದರೂ ತಪ್ಪಲ್ಲ: ಚಳಿಗಾಲದ ಮಂದ ಬೆಳಕಿನಲ್ಲಿ ಸೊಪ್ಪುಗಳು ಹೆಚ್ಚಿನ ಸಾರಜನಕವನ್ನು ಅರಗಿಸಿಕೊಳ್ಳಲಾರದೆ ಎಲೆಯಲ್ಲಿ ನೈಟ್ರೇಟ್ ಆಗಿ ಕೂಡಿಹಾಕುತ್ತವೆ. ಯುರೋಪಿನ ಒಕ್ಕೂಟ ಪಾಲಕ್, ಲೆಟಿಸ್‌ನಂಥ ಎಲೆತರಕಾರಿಗಳಲ್ಲಿ ನೈಟ್ರೇಟಿಗೆ ಮಿತಿ ವಿಧಿಸಿರುವುದು ಇದೇ ಕಾರಣಕ್ಕೆ. ಹಳೆಯ ಕಾಂಪೋಸ್ಟ್ ಒಂದು ಪದರ ಹಾಕಿ ಬಿಟ್ಟರೆ ಆಯಿತು. ಶತ್ರುಗಳಲ್ಲಿ ಮುಖ್ಯವಾದದ್ದು ಬಸವನಹುಳು ಮತ್ತು ಅದರ ಚಿಪ್ಪಿಲ್ಲದ ನೆಂಟ. ರಾತ್ರಿ ಟಾರ್ಚ್ ಹಿಡಿದು ಆರಿಸುವುದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಬಂದಿಲ್ಲ.

ಚಳಿ ತಡೆಯುವ ಶಕ್ತಿಯ ಬಗ್ಗೆ ಒಂದು ಪ್ರಸಿದ್ಧ ಉದಾಹರಣೆಯಿದೆ. ಅಮೆರಿಕದ ಈಶಾನ್ಯ ಮೂಲೆಯ ಮೇನ್ ರಾಜ್ಯದಲ್ಲಿ, 44 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಎಲಿಯಟ್ ಕೋಲ್ಮನ್ ಎಂಬ ಕೃಷಿಕ ಕಾವು ಕೊಡದ ಪ್ಲಾಸ್ಟಿಕ್ ಮನೆಗಳಲ್ಲಿ ಕ್ಲೇಟೋನಿಯ, ಮಾಶ್ ಎಂಬ ಇನ್ನೊಂದು ಸೊಪ್ಪು, ಪಾಲಕ್‌ಗಳನ್ನು ಚಳಿಗಾಲವಿಡೀ ಕೊಯ್ದು ಮಾರಿ ತೋರಿಸಿದರು. ಹೊರಗೆ ಹಿಮ ಬಿದ್ದಿದ್ದರೂ ಒಳಗೆ ಇನ್ನೊಂದು ತೆಳು ಬಟ್ಟೆಯ ಹೊದಿಕೆ ಹಾಕಿದರೆ ಈ ಗಿಡಗಳು ಹೆಪ್ಪುಗಟ್ಟಿ, ಮಧ್ಯಾಹ್ನದ ಬಿಸಿಲಿಗೆ ಕರಗಿ, ಏನೂ ಆಗದಂತೆ ಚೇತರಿಸಿಕೊಳ್ಳುತ್ತವೆ. ಅವರ ಬರಹಗಳಿಂದ ಹರಡಿದ ಮುಖ್ಯ ತಿಳಿವಳಿಕೆ ಬೆಳಕಿಗೆ ಸಂಬಂಧಿಸಿದ್ದು. ಹಗಲು ಹತ್ತು ಗಂಟೆಗಿಂತ ಕಡಿಮೆಯಾದ ವಾರಗಳಲ್ಲಿ ಗಿಡ ಬದುಕಿರುತ್ತದೆ, ಆದರೆ ಬೆಳೆಯುವುದು ಹೆಚ್ಚುಕಡಿಮೆ ನಿಲ್ಲುತ್ತದೆ. ಆ ದಿನಗಳು ಬರುವ ಮೊದಲೇ ಗಿಡ ಮುಕ್ಕಾಲು ಬೆಳೆದಿರಬೇಕು, ಆಮೇಲೆ ಅದು ಹೊಲದಲ್ಲೇ ಇಟ್ಟ ದಾಸ್ತಾನು. ಸ್ಯಾನ್‌ಹೋಸೆಯಲ್ಲಿ ವರ್ಷದ ಅತಿ ಚಿಕ್ಕ ಹಗಲೂ ಸುಮಾರು ಒಂಬತ್ತೂವರೆ ಗಂಟೆಯಿರುವುದರಿಂದ ಈ ತಡೆ ಮೇನ್‌ನಷ್ಟು ದೀರ್ಘವಲ್ಲ. ಇಲ್ಲೂ ಹೊತ್ತೇ ನಿರ್ಣಾಯಕ. ಎರಡು ವಾರ ತಡವಾಗಿ ಬಿತ್ತಿದವರು ಒಂದು ತಿಂಗಳಿಗಿಂತ ಹೆಚ್ಚು ಕಾಯಬೇಕಾಗುತ್ತದೆ.

ಕೊಯ್ಲು ಸುಲಭ. ಎಡಗೈಯಲ್ಲಿ ಗಿಡದ ಜುಟ್ಟು ಹಿಡಿದು, ನೆಲದಿಂದ ಎರಡು ಬೆರಳು ಮೇಲೆ ಕತ್ತರಿ ಹಾಕಬೇಕು. ನಡುವಿನ ಎಳೆ ಕುಡಿ ಉಳಿದರೆ ಎರಡು ಮೂರು ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಲೆಟಿಸ್ ಹೂವಿಗೆ ಬಂದರೆ ಕಹಿಯಾಗಿ ಎಸೆಯಬೇಕಾಗುತ್ತದೆ, ಕ್ಲೇಟೋನಿಯ ಹಾಗಲ್ಲ. ಹೂ, ದೇಟು, ತಟ್ಟೆ ಎಲ್ಲವನ್ನೂ ತಿನ್ನಬಹುದು. ಸೋಸುವ ಕೆಲಸವೂ ಕಡಿಮೆ, ಬುಡದ ಮಣ್ಣು ತೊಳೆದರಾಯಿತು. ಹಸಿಯಾಗಿ ತಿನ್ನುವುದು ಇದರ ಸಹಜ ಬಳಕೆ. ಬೇಯಿಸಿದರೆ ಪಾತ್ರೆ ತುಂಬ ಇದ್ದದ್ದು ಒಂದು ಸೌಟಿಗೆ ಇಳಿಯುತ್ತದೆ, ಆದ್ದರಿಂದ ಹುಳಿ, ಸಾರಿಗೆ ಹಾಕುವವರು ಒಲೆ ಆರಿಸುವ ಹೊತ್ತಿಗೆ ಹಾಕುವುದು ಲೇಸು. ಹೆಸರುಬೇಳೆ ಕೋಸಂಬರಿಗೆ ಸೌತೆಕಾಯಿಯ ಬದಲು, ಮೊಸರು ಬಜ್ಜಿಗೆ, ಕಾಯಿ ಜೀರಿಗೆ ಅರೆದು ಮಜ್ಜಿಗೆ ಬೆರೆಸಿದ ತಂಬುಳಿಗೆ ಇದು ಹೊಂದುತ್ತದೆ. ಒಂದೆಲಗದ ಘಾಟು ಇದರಲ್ಲಿಲ್ಲ, ಹಾಗಾಗಿ ಒಗ್ಗರಣೆ ಸ್ವಲ್ಪ ಜೋರಾಗಿರಲಿ.

ಮೊಸರು, ಮಜ್ಜಿಗೆಯ ಪ್ರಸ್ತಾಪಕ್ಕೆ ರುಚಿಯ ಆಚೆಗೂ ಕಾರಣವಿದೆ. ಪಾಲಕ್, ಗೋಣಿಸೊಪ್ಪುಗಳಲ್ಲಿರುವಂತೆ ಕ್ಲೇಟೋನಿಯದಲ್ಲೂ ನೀರಿನಲ್ಲಿ ಕರಗುವ ಆಕ್ಸಲೇಟ್ ಇದೆ, ಕೆಲವೊಮ್ಮೆ ಹೆಚ್ಚಾಗಿಯೇ ಕೂಡಿರುತ್ತದೆ. ಇದನ್ನು ಬೆಳೆಯುವುದಕ್ಕೆ ಎತ್ತುವ ಆಕ್ಷೇಪಗಳಲ್ಲಿ ತೂಕವುಳ್ಳದ್ದು ಇದು. ಮೂತ್ರಪಿಂಡದಲ್ಲಿ ಆಕ್ಸಲೇಟ್ ಕಲ್ಲಿನ ತೊಂದರೆ ಇರುವವರು ಮಿತಿಯಲ್ಲಿ ತಿನ್ನಬೇಕು ಅಥವಾ ಬಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ಉಳಿದವರಿಗೆ ಊಟದ ಪ್ರಮಾಣದಲ್ಲಿ ಅಪಾಯ ಕಾಣುವುದಿಲ್ಲ. ಮೊಸರಿನ ಸುಣ್ಣದಂಶ ಹೊಟ್ಟೆಯಲ್ಲೇ ಆಕ್ಸಲೇಟನ್ನು ಹಿಡಿದಿಡುವುದರಿಂದ ಅದು ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ದಿನವೂ ದೊಡ್ಡ ಲೋಟದಲ್ಲಿ ಹಸಿ ಸೊಪ್ಪಿನ ರಸ ಕುಡಿಯುವ ಈಚಿನ ಚಟಕ್ಕೆ ಮಾತ್ರ ಈ ಸಮಾಧಾನ ಅನ್ವಯಿಸದು.

ಎರಡನೆಯ ಆಕ್ಷೇಪ: ತಾನೇ ಬೆಳೆಯುವ ಸೊಪ್ಪನ್ನು ಬಿತ್ತಿ ಬೆಳೆಯುವುದೇಕೆ, ಹೋಗಿ ಕಿತ್ತು ತಂದರಾಗದೆ? ಕೀಳುವುದು ಅಷ್ಟೇನೂ ಸರಳವಲ್ಲ. ಕ್ಯಾಲಿಫೋರ್ನಿಯದ ರಾಜ್ಯ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಗಿಡ ಕೀಳಲು ಅನುಮತಿಯಿಲ್ಲ. ಊರೊಳಗಿನ ಖಾಲಿ ನಿವೇಶನಗಳ ಮಣ್ಣಿನಲ್ಲಿ ಹಳೆಯ ಬಣ್ಣ, ಪೆಟ್ರೋಲಿನಿಂದ ಬಂದ ಸೀಸ ಇರಬಹುದೆಂಬ ಭಯವೂ ಇದೆ. ಮನೆಗೆ ಬಳಿಯುವ ಸೀಸದ ಬಣ್ಣವನ್ನು ಅಮೆರಿಕ ನಿಷೇಧಿಸಿದ್ದು 1978ರಲ್ಲಿ. ಈ ಭಯವನ್ನು ಪರೀಕ್ಷಿಸಿದವರೂ ಇದ್ದಾರೆ. ಬರ್ಕ್ಲಿಯ ಸಂಖ್ಯಾಶಾಸ್ತ್ರಜ್ಞ ಫಿಲಿಪ್ ಸ್ಟಾರ್ಕ್ ಮತ್ತು ಸಂಗಡಿಗರು ರಿಚ್ಮಂಡ್, ಬರ್ಕ್ಲಿ, ಓಕ್‌ಲ್ಯಾಂಡ್ ಊರುಗಳ ಕಾಡುಸೊಪ್ಪುಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮಣ್ಣಿನಲ್ಲಿ ಲೋಹದಂಶ ಹೆಚ್ಚಿದ್ದ ಕಡೆಯೂ ತೊಳೆದ ಎಲೆಗಳಲ್ಲಿ ಅದು ಸುರಕ್ಷಿತ ಮಿತಿಯೊಳಗೇ ಇತ್ತು. ಅಂದಮೇಲೆ ಭಯ ಉತ್ಪ್ರೇಕ್ಷೆಯೇ ಹೌದು, ಆದರೆ ತೊಳೆಯುವುದು ಅತ್ಯಗತ್ಯ ಎಂಬ ಪಾಠವೂ ಅಲ್ಲಿದೆ. ಇನ್ನು ಗುರುತಿನ ಪ್ರಶ್ನೆ. ದುಂಡು ತಟ್ಟೆಯ ಹಂತದಲ್ಲಿ ಇದನ್ನು ತಪ್ಪು ಗುರುತಿಸುವವರು ಅಪರೂಪ. ಎಳೆಯದಾಗಿದ್ದಾಗ ಅದೇ ಜಾಗದಲ್ಲಿ ಬೆಳೆಯುವ ಯುಫೋರ್ಬಿಯ ಪೆಪ್ಲಸ್ ಎಂಬ ವಿಷದ ಕಳೆಯೊಡನೆ ಬೆರೆತುಹೋಗಬಹುದು. ದೇಟು ಮುರಿದಾಗ ಬಿಳಿ ಹಾಲು ಒಸರಿದರೆ ಅದು ಕ್ಲೇಟೋನಿಯವಲ್ಲ. ತಾನೇ ಬಿತ್ತಿದ ಸಾಲಿನಲ್ಲಿ ಇಂಥ ಗೊಂದಲಕ್ಕೆ ಎಡೆ ಕಡಿಮೆ.

ಇಳುವರಿ ತೀರ ಕಡಿಮೆಯಲ್ಲವೆ ಎಂಬುದು ಮೂರನೆಯ ಪ್ರಶ್ನೆ. ಕಿಲೋ ಲೆಕ್ಕದಲ್ಲಿ ನೋಡಿದರೆ ಹೌದು, ಅದೇ ಜಾಗದಲ್ಲಿ ಪಾಲಕ್ ಹೆಚ್ಚು ತೂಗುತ್ತದೆ. ಈ ಹೋಲಿಕೆಯಲ್ಲಿ ಜಾಗವೊಂದನ್ನೇ ಲೆಕ್ಕಕ್ಕೆ ಹಿಡಿದು ಶ್ರಮವನ್ನು ಬಿಟ್ಟಿದ್ದಾರೆ. ಪಾಲಕ್ ಪ್ರತಿವರ್ಷ ಬೀಜ, ಗೊಬ್ಬರ, ಬಿಸಿಲು ಬೀಳುವ ಪಾತಿ ಕೇಳುತ್ತದೆ; ಕ್ಲೇಟೋನಿಯವನ್ನು ಒಂದು ಸಲ ಬಿತ್ತಿ ಕೆಲವು ಗಿಡಗಳನ್ನು ಬೀಜಕ್ಕೆ ಬಿಟ್ಟರೆ ಮತ್ತೆ ಬಿತ್ತುವ ಕೆಲಸವೇ ಇಲ್ಲ. ಹೂವು ತನ್ನ ಪರಾಗದಿಂದಲೇ ಕಾಯಿಕಟ್ಟುತ್ತದೆ. ಒಣಗಿದ ಪುಟ್ಟ ಕಾಯಿ ಮೂರು ಸೀಳಾಗಿ ಸಿಡಿದು ಬೀಜವನ್ನು ದೂರಕ್ಕೆ ಚಿಮ್ಮುತ್ತದೆ. ಬೀಜದ ತುದಿಗೆ ಅಂಟಿದ ಕೊಬ್ಬಿನಂಶದ ಬಿಳಿ ಗಂಟಿನ ಆಸೆಗೆ ಇರುವೆಗಳು ಅದನ್ನು ಹೊತ್ತುಕೊಂಡು ಹೋಗಿ ಇನ್ನಷ್ಟು ದೂರ ಬಿತ್ತುತ್ತವೆ. ಬೀಜ ಕೂಡಿಡಬೇಕೆನ್ನುವವರು ಕೆಳಗಿನ ಕಾಯಿಗಳು ಬಲಿತ ಕೂಡಲೇ ಇಡೀ ಗಿಡ ಕೊಯ್ದು ಬಟ್ಟೆಯ ಮೇಲೆ ಹರವಬೇಕು, ಎರಡು ಮೂರು ದಿನ ತಡವಾದರೂ ಅರ್ಧ ಬೀಜ ನೆಲದ ಪಾಲು. ಬೇಸಿಗೆ ಪೂರ್ತಿ ಆ ಬೀಜ ಮಣ್ಣಿನಲ್ಲಿ ಮಲಗಿದ್ದು, ಮೇಲೆ ಬದನೆ, ಅವರೆ ಬೆಳೆದು ಹೋದ ಮೇಲೆ, ಮಳೆಯ ಜೊತೆ ಏಳುತ್ತದೆ. ಹಾಗಾಗಿ ಇದು ಯಾವ ಬೆಳೆಯ ಜಾಗವನ್ನೂ ಕಸಿಯುವುದಿಲ್ಲ. ಆ ಪಾತಿಯನ್ನು ಬೇಸಿಗೆಯಲ್ಲಿ ಆಳವಾಗಿ ಅಗೆಯುವುದು, ದಪ್ಪ ಹುಲ್ಲಿನ ಹೊದಿಕೆ ಹಾಸುವುದು, ಇವೆರಡು ಅದಕ್ಕೆ ಅಡ್ಡಿ. ಸಸಿ ಮೂಡುವ ವಾರಗಳಲ್ಲಿ ಕಳೆ ಎಂದು ಕೆರೆದು ಹಾಕುವುದು ಮೂರನೆಯದು, ಮತ್ತು ಅದೇ ಹೆಚ್ಚಾಗಿ ಆಗುವುದು.

ಇಲ್ಲಿಂದಲೇ ಇನ್ನೊಂದು ಆಕ್ಷೇಪ ಹುಟ್ಟುತ್ತದೆ: ತಾನೇ ಹರಡುವ ಗಿಡವೆಂದರೆ ಕಳೆಯಲ್ಲವೆ? ಅದರ ತಾಯ್ನೆಲವಾದ ಪೆಸಿಫಿಕ್ ಕರಾವಳಿಯಲ್ಲಿ ಈ ಪ್ರಶ್ನೆಗೆ ಅರ್ಥವಿಲ್ಲ, ಅಲ್ಲಿ ಅದನ್ನು ಹಿತ್ತಲಿಗೆ ತಂದರೆ ಊರಿನ ಗಿಡವನ್ನೇ ಊರಿಗೆ ಕರೆದಂತೆ. ಯುರೋಪಿನಲ್ಲಿ ಅದು ಹೊರಗಿನದು, ಅಲ್ಲಿ ಕಾಡಂಚಿನ ತೋಟದವರು ಹೂವಿಗೆ ಮೊದಲೇ ಕೊಯ್ದು ಮುಗಿಸುವುದು ಮರ್ಯಾದೆ. ಬೇರು ಮೇಲುಮೇಲಿರುವುದರಿಂದ ಬೆರಳಲ್ಲಿ ಎಳೆದರೂ ಬರುತ್ತದೆ, ಗೆಡ್ಡೆಯಿಂದ ಮತ್ತೆ ಚಿಗುರುವ ಕಾಟವಿಲ್ಲ. ಗರಿಕೆಯನ್ನೋ ಪಾರ್ಥೇನಿಯಮ್ಮನ್ನೋ ಕಂಡವರು ಇದನ್ನು ಕಳೆ ಎನ್ನಲು ಹಿಂಜರಿಯುತ್ತಾರೆ.

ಕರ್ನಾಟಕದ ಮನೆಗಳ ತಾರಸಿಯ ಮೇಲೆ ಇದನ್ನು ಬೆಳೆಯಬಹುದೆ? ವಿದೇಶಿ ಸೊಪ್ಪುಗಳ ಬೀಜದ ಪೊಟ್ಟಣಗಳು ಈಗ ಸುಲಭವಾಗಿ ಸಿಗುವುದರಿಂದ ಈ ಪ್ರಶ್ನೆ ಬರುವುದು ಸಹಜ. ಬೆಂಗಳೂರಿನ ದಾಖಲಾದ ಅತಿ ಕಡಿಮೆ ತಾಪ 1884ರ ಜನವರಿಯ 7.8 ಡಿಗ್ರಿ, ಅದು ಒಂದು ರಾತ್ರಿಯ ಗಾಳಿಯ ಲೆಕ್ಕ. ಡಿಸೆಂಬರ್, ಜನವರಿಯ ಮಾಮೂಲಿ ಹಗಲು 26, 27 ಡಿಗ್ರಿ ಮುಟ್ಟುತ್ತದೆ, ತಾರಸಿಯ ಕುಂಡದ ಮಣ್ಣು ಇನ್ನೂ ಬಿಸಿ. ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಮೊಳೆಸುವ ಉಪಾಯ ಹೇಳುವವರಿದ್ದಾರೆ. ಮೊಳಕೆಯೇನೋ ಬಂದೀತು, ಆದರೆ ಚಳಿ ಬೇಕಿರುವುದು ಮೊಳಕೆಗೆ ಮಾತ್ರವಲ್ಲ. ಬಿಸಿಲು ಏರಿದಂತೆ ಗಿಡ ಎಲೆ ಕಟ್ಟುವುದನ್ನು ಬಿಟ್ಟು, ಕೆಂಪಾಗಿ, ಬೇಗ ಹೂವಿಗೆ ಹೋಗುತ್ತದೆ. ಅದರ ಹೊತ್ತೇ ಇಲ್ಲದ ಕಡೆ ಅದಕ್ಕೆ ನೆಲೆಯಿಲ್ಲ. ನಮ್ಮಲ್ಲಿ ಹೊತ್ತಿಗೆ ಸರಿಯಾಗಿ ಬರುವ ಕಾಡುಸೊಪ್ಪುಗಳು ಬೇರೆಯೇ ಇವೆ: ರಾಗಿ ಹೊಲದ ಅಣ್ಣೆಸೊಪ್ಪು, ಗೋಣಿಸೊಪ್ಪುಗಳು ಸೇರಿದ ಬೆರಕೆ ಸೊಪ್ಪು ಮಳೆಯ ಬೆನ್ನಿಗೆ ಬರುತ್ತದೆ, ತುಳುನಾಡಿನಲ್ಲಿ ಆಟಿ ತಿಂಗಳ ತಜಂಕ್, ಅಂದರೆ ತಗತೆ ಸೊಪ್ಪು, ಮಳೆ ಹೊಯ್ಯುವಾಗ ಚಿಗುರಿದ್ದನ್ನೇ ತಿನ್ನುವ ಪದ್ಧತಿಯಿದೆ. ಅವುಗಳನ್ನು ಹಿತ್ತಲಿನಲ್ಲಿ ಉಳಿಸಿಕೊಳ್ಳುವುದಕ್ಕೂ ಬೇಕಾದದ್ದು ಇದೇ ವಿವೇಕ, ಅಂದರೆ ಬೀಜ ಚೆಲ್ಲುವವರೆಗೆ ಕಾಯುವುದು, ಮೂಡುವ ಹೊತ್ತಿಗೆ ಕೆರೆಯದಿರುವುದು.

ಅಮೆರಿಕದಲ್ಲಿರುವ ಮಕ್ಕಳ ಮನೆಯಿಂದ ಬರುವಾಗ ಪೆಟ್ಟಿಗೆಯಲ್ಲಿ ಒಂದು ಪೊಟ್ಟಣ ಕ್ಲೇಟೋನಿಯ ಬೀಜ ಹಾಕಿಕೊಂಡು ಬರುವ ಯೋಚನೆಯಿದ್ದವರಿಗೆ ಒಂದು ಮಾತು. 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಬಿತ್ತನೆಯ ಬೀಜವನ್ನು ಭಾರತಕ್ಕೆ ತರಲು ಆಮದು ಪರವಾನಗಿಯೂ ಹೊರಟ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಅವಿಲ್ಲದೆ ತಂದ ಪೊಟ್ಟಣವನ್ನು ವಿಮಾನ ನಿಲ್ದಾಣದಲ್ಲಿ ವಶಪಡಿಸಿಕೊಳ್ಳಬಹುದು.